ನಿಂತುಹೋದ ಮಾದರಿ ರೈಲು ಎಂಜಿನನ್ನು ಮತ್ತೆ ಹಳಿಗೆ ತರುವ ಕ್ರಮ

ಮುಂಬೈಯ ಚೋರ್ ಬಜಾರ್‌ನಲ್ಲಿ ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ರಸ್ತೆಯ ಮೇಲೆ ಹರಡುವ ಹಳೆಯ ಸಾಮಾನುಗಳಲ್ಲಿ, ಹಿತ್ತಾಳೆ ಬೀಗ, ನಿಂತ ಗಡಿಯಾರ, ರೇಡಿಯೋ ಗುಂಡಿಗಳ ರಾಶಿಯ ಕೆಳಗೆ, ಒಮ್ಮೊಮ್ಮೆ ಅಂಗೈಯುದ್ದದ ರೈಲು ಎಂಜಿನ್ ಸಿಗುವುದುಂಟು. ನನಗೆ ಹಾಗೆ ಸಿಕ್ಕಿದ್ದು ಬ್ರಿಟನ್ನಿನ ಟ್ರೈ-ಆಂಗ್ ಕಂಪನಿಯ, ಆರು ಗಾಲಿಗಳ ಕಪ್ಪು ಟ್ಯಾಂಕ್ ಎಂಜಿನ್, ಅಂದರೆ ನೀರಿನ ತೊಟ್ಟಿಯನ್ನು ತನ್ನ ಮೈಮೇಲೆಯೇ ಹೊತ್ತ ಉಗಿ ಎಂಜಿನಿನ ಮಾದರಿ. ಡೊಂಬಿವಲಿಯ ಮನೆಯಲ್ಲಿ ಅದನ್ನು ಬಿಚ್ಚಿ ಓಡುವ ಸ್ಥಿತಿಗೆ ತರಲು ನನಗೆ ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಸರಿಯಾದ ಕ್ರಮ ಗೊತ್ತಿದ್ದರೆ ಅದು ಎರಡು ಭಾನುವಾರಗಳ ಕೆಲಸ. ಆ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಇಂಥ ಎಂಜಿನ್ ಕೈಗೆ ಬಂದಾಗ ಎರಡು ದಾರಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹಳಿಯಿಂದ ಗಾಲಿಗೆ, ಗಾಲಿಯಿಂದ ಮೋಟಾರಿಗೆ ಕರೆಂಟು ಬರುವ ದಾರಿ ಒಂದು. ಮೋಟಾರಿನಿಂದ ಗೇರಿನ ಮೂಲಕ ಗಾಲಿಗೆ ತಿರುಗುವ ಬಲ ಹೋಗುವ ದಾರಿ ಇನ್ನೊಂದು. ಎಂಜಿನ್ ನಿಂತಿದೆಯೆಂದರೆ ಈ ಎರಡರಲ್ಲೊಂದು ಎಲ್ಲೋ ಕಡಿದಿದೆ ಅಥವಾ ಕಟ್ಟಿಕೊಂಡಿದೆ ಎಂದೇ ಅರ್ಥ. ನಾನು ಕಂಡ ಹೆಚ್ಚಿನ ಎಂಜಿನ್‌ಗಳಲ್ಲಿ ಕೆಟ್ಟಿದ್ದು ಮೋಟಾರಲ್ಲ. ಒಣಗಿ ಮೇಣದಂತೆ ಗಟ್ಟಿಯಾದ ಗ್ರೀಸು ಮತ್ತು ಗಾಲಿಗೆ ಹಿಡಿದ ಕೊಳೆ. ಆದ್ದರಿಂದ ಹೊಸ ಭಾಗ ಹುಡುಕುವ ಮೊದಲು ಶುಚಿಗೊಳಿಸುವುದು, ಶುಚಿಗೊಳಿಸುವ ಮೊದಲು ಪರೀಕ್ಷಿಸುವುದು, ಈ ಸರದಿಯನ್ನು ತಪ್ಪಿಸಬಾರದು.

ಕೊಳ್ಳುವಾಗಲೇ ನೋಡಬೇಕಾದದ್ದು

ಎಂಜಿನಿನ ತಳವನ್ನು ಬೆಳಕಿಗೆ ಹಿಡಿದು ನೋಡಿ. ಹಳೆಯ ಎಂಜಿನ್‌ಗಳ ಚಾಸಿಯನ್ನು, ಅಂದರೆ ಗಾಲಿ ಮತ್ತು ಮೋಟಾರು ಕೂರುವ ಚೌಕಟ್ಟನ್ನು, ಸಾಮಾನ್ಯವಾಗಿ ಸತುವಿನ ಮಿಶ್ರಲೋಹದಿಂದ ಎರಕ ಹೊಯ್ದಿರುತ್ತಾರೆ. ಎರಕದ ವೇಳೆ ಅದರಲ್ಲಿ ಸೀಸದಂಥ ಕಲ್ಮಶ ಸೇರಿದ್ದರೆ ಲೋಹ ವರ್ಷಗಳ ಮೇಲೆ ಒಳಗಿನಿಂದಲೇ ಊದಿಕೊಂಡು, ಕೂದಲೆಳೆಯ ಬಿರುಕು ಬಿಟ್ಟು, ಕೊನೆಗೆ ಬೆಲ್ಲದ ಅಚ್ಚಿನಂತೆ ಪುಡಿಯಾಗುತ್ತದೆ. ಇದಕ್ಕೆ ಔಷಧವಿಲ್ಲ. ಚಾಸಿಯ ಮೇಲೆ ಬಲೆಯಂಥ ಬಿರುಕು ಕಂಡರೆ, ಅಥವಾ ಚಾಸಿ ಬಾಗಿ ಹೊದಿಕೆಯೊಳಗೆ ಬಿಗಿಯಾಗಿ ಸಿಕ್ಕಿಕೊಂಡಿದ್ದರೆ, ಬಿಡಿಭಾಗಗಳಿಗೆಂದು ಕೊಳ್ಳಬಹುದೇ ಹೊರತು ಓಡಿಸುವುದಕ್ಕಲ್ಲ. ತುಕ್ಕು ಹಿಡಿದ ಗಾಲಿ, ಮುರಿದ ಕೊಕ್ಕೆ, ಕಳೆದುಹೋದ ಚಿಮಣಿ ಇವೆಲ್ಲ ಸರಿಪಡಿಸಬಹುದಾದ ಕೊರತೆಗಳು.

ಮೈಮೇಲಿನ ಅಥವಾ ತಳದ ಬರಹವನ್ನೂ ಓದಿ, ಏಕೆಂದರೆ ಕಾಲ ತಿಳಿದರೆ ಒಳಗಿನ ಮೋಟಾರನ್ನು ಅಂದಾಜು ಮಾಡಬಹುದು. ಟ್ರೈ-ಆಂಗ್‌ನ ಒಡೆಯರಾದ ಲೈನ್ಸ್ ಬ್ರದರ್ಸ್ ಸಂಸ್ಥೆ 1964ರಲ್ಲಿ ಹಾರ್ನ್‌ಬಿ ರೈಲುಗಳನ್ನು ತಯಾರಿಸುತ್ತಿದ್ದ ಮೆಕ್ಯಾನೊವನ್ನು ಕೊಂಡಿತು. ಮರುವರ್ಷದಿಂದ ಟ್ರೈ-ಆಂಗ್ ಹಾರ್ನ್‌ಬಿ ಎಂಬ ಜೋಡಿ ಹೆಸರು ಬಂತು. 1972ರಿಂದ ಹಾರ್ನ್‌ಬಿ ಎಂಬ ಹೆಸರಷ್ಟೇ ಉಳಿಯಿತು. ಜರ್ಮನಿಯ ಮಾರ್ಕ್ಲಿನ್ ಎಂಜಿನ್ ಸಿಕ್ಕರೆ ಮಾತ್ರ ವಿಶೇಷ ಎಚ್ಚರ ಬೇಕು. ಅದರ ಎಚ್‌ಓ ಅಳತೆಯ (ನಿಜ ಗಾತ್ರದ 87ರಲ್ಲಿ ಒಂದು ಪಾಲಿನ) ಎಂಜಿನ್‌ಗಳ ತಳದಲ್ಲಿ ಉದ್ದನೆಯ ಜಾರುಪಟ್ಟಿ ಇರುತ್ತದೆ, ಅವು ಹಳಿಗಳ ನಡುವಿನ ಮೊಳೆಸಾಲಿನಿಂದ ಎಸಿ ಕರೆಂಟು ಪಡೆಯುತ್ತವೆ. ಉಳಿದ ಬಹುತೇಕ ಕಂಪನಿಗಳ ಎರಡು ಹಳಿಯ 12 ವೋಲ್ಟ್ ಡಿಸಿ ಪದ್ಧತಿಗೂ ಅದಕ್ಕೂ ಹೊಂದಾಣಿಕೆಯಿಲ್ಲ. ಈ ಲೇಖನದ ಕ್ರಮ ಎರಡು ಹಳಿಯ ಡಿಸಿ ಎಂಜಿನ್‌ಗಳಿಗೆ ಅನ್ವಯಿಸುತ್ತದೆ.

ಬ್ರಿಟಿಷ್ ಎಂಜಿನ್ ಹೆಚ್ಚಾಗಿ ಓಓ, ಅಂದರೆ 1:76ರ ಅಳತೆಯದು. ಯೂರೋಪು ಮತ್ತು ಅಮೆರಿಕದ್ದು ಎಚ್‌ಓ, 1:87. ಎರಡೂ ಓಡುವುದು 16.5 ಮಿಲಿಮೀಟರ್ ಅಗಲದ ಹಳಿಯ ಮೇಲೆಯೇ. ನಮ್ಮ ದೇಶದ ಬ್ರಾಡ್‌ಗೇಜ್ ಹಳಿ 1676 ಮಿಲಿಮೀಟರ್ ಅಗಲವಿರುವುದರಿಂದ ಎಚ್‌ಓ ಅಳತೆಯಲ್ಲಿ ಅದು 19 ಮಿಲಿಮೀಟರಿಗಿಂತ ತುಸು ಹೆಚ್ಚಾಗಬೇಕು. ಸಾಮಾನ್ಯ ಹಳಿಯ ಮೇಲೆ ನಿಲ್ಲಿಸಿದ ಭಾರತೀಯ ಎಂಜಿನಿನ ಮಾದರಿ ನಮ್ಮ ಕಣ್ಣಿಗೆ ಕಾಲು ಕೂಡಿಸಿ ನಿಂತಂತೆ ಕಾಣುವುದು ಈ ಕಾರಣಕ್ಕೆ.

ಸಂತೆಗೆ ಹೋಗುವಾಗ 9 ವೋಲ್ಟಿನ ಸಣ್ಣ ಬ್ಯಾಟರಿ ಮತ್ತು ಎರಡು ತುಂಡು ತಂತಿ ಜೇಬಿನಲ್ಲಿರಲಿ. ಎಡಬದಿಯ ಒಂದು ಗಾಲಿಗೂ ಬಲಬದಿಯ ಒಂದು ಗಾಲಿಗೂ ಮುಟ್ಟಿಸಿದಾಗ ಮೋಟಾರು ಮಿಡಿದರೂ ಸಾಕು, ಅದರಲ್ಲಿ ಜೀವವಿದೆ. ಮಿಡಿಯದಿದ್ದರೆ ಸತ್ತಿದೆ ಎಂದು ತೀರ್ಮಾನಿಸಬೇಡಿ. ಬೆಲೆ ಇಳಿಸಲು ಅದೊಂದು ಕಾರಣವಾಯಿತಷ್ಟೆ.

ಬೇಕಾದ ಸಲಕರಣೆ

ಗಡಿಯಾರ ರಿಪೇರಿಯವರು ಬಳಸುವ ಸಣ್ಣ ಸ್ಕ್ರೂಡ್ರೈವರುಗಳ ಒಂದು ಸೆಟ್ಟು, ಮೊನಚಾದ ಚಿಮಟ, ಮಲ್ಟಿಮೀಟರ್, 25 ವ್ಯಾಟಿನ ಸಾಲ್ಡರಿಂಗ್ ಐರನ್, ಹತ್ತಿಕಡ್ಡಿ, ಹಲ್ಲುಕಡ್ಡಿ, ಹಳೆಯ ಟೂತ್‌ಬ್ರಶ್ ಇಷ್ಟು ಇದ್ದರೆ ಕೆಲಸ ಆರಂಭಿಸಬಹುದು. ಕೊಳೆ ತೆಗೆಯಲು ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು. ಲ್ಯಾಮಿಂಗ್ಟನ್ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಐಪಿಎ ಎಂದು ಕೇಳಿದರೆ ಕೊಡುತ್ತಾರೆ. ಅದು ಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ಕಿಟಕಿ ತೆರೆದು, ಒಲೆಯಿಂದಲೂ ಬಿಸಿ ಐರನ್ನಿನಿಂದಲೂ ದೂರ ಕೂತು ಬಳಸಬೇಕು. ಕೈಗೆ ಹಚ್ಚುವ ಸ್ಯಾನಿಟೈಸರ್ ಇದಕ್ಕೆ ಬದಲಿಯಲ್ಲ, ಅದರಲ್ಲಿ ಬೆರೆಸಿರುವ ಗ್ಲಿಸರಿನ್ ಅಂಟಾಗಿ ಉಳಿದುಬಿಡುತ್ತದೆ. ಪೆಟ್ರೋಲು, ಥಿನ್ನರ್, ಉಗುರುಬಣ್ಣ ತೆಗೆಯುವ ಅಸಿಟೋನ್ ಇವು ಪ್ಲಾಸ್ಟಿಕ್ ಹೊದಿಕೆಯ ಹತ್ತಿರವೂ ಬರಬಾರದು. ನಾನು ಒಮ್ಮೆ ಅಸಿಟೋನ್ ತಾಗಿದ ಬಟ್ಟೆಯಿಂದ ಚಾಲಕನ ಕೋಣೆಯ ಕಿಟಕಿಯಂಚನ್ನು ಒರೆಸಿದೆ. ಐವತ್ತು ವರ್ಷಕ್ಕೂ ಹಳೆಯದಾದ ಆ ಅಂಚು ಕರಗಿ ಮಾಸಿಹೋಯಿತು, ಅದನ್ನು ಇಂದಿಗೂ ಸರಿಪಡಿಸಲಾಗಿಲ್ಲ.

ಬಿಚ್ಚಿದ ಭಾಗಗಳನ್ನಿಡಲು ತೂತುಗಳಿಲ್ಲದ ಇಡ್ಲಿ ತಟ್ಟೆಯಷ್ಟು ಒಳ್ಳೆಯ ಪಾತ್ರೆ ನನಗೆ ಬೇರೆ ಸಿಕ್ಕಿಲ್ಲ. ಒಂದೊಂದು ಕುಳಿಯಲ್ಲಿ ಒಂದೊಂದು ಹಂತದ ತಿರುಪುಗಳನ್ನು ಹಾಕುತ್ತ ಹೋದರೆ ಜೋಡಿಸುವಾಗ ಅದೇ ಕ್ರಮದಲ್ಲಿ ಹಿಂದಕ್ಕೆ ಬರಬಹುದು. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ, ಮುಖ್ಯವಾಗಿ ಯಾವ ತಂತಿ ಎಲ್ಲಿಗೆ ಹೋಗಿತ್ತು ಎಂಬುದನ್ನು.

ವಿದ್ಯುತ್ತಿಗೆ 12 ವೋಲ್ಟ್, 1 ಆಂಪಿಯರಿನ ಹೊಸ ಡಿಸಿ ಅಡಾಪ್ಟರ್ ಸಾಕು. ಎಂಜಿನಿನ ಜೊತೆ ಹಳೆಯ ಕಾಲದ ಟ್ರಾನ್ಸ್‌ಫಾರ್ಮರ್ ಸಿಕ್ಕಿದ್ದರೆ ಅದನ್ನು ಗೋಡೆಯ ಸಾಕೆಟ್ಟಿಗೆ ಹಾಕಬೇಡಿ. ಅದರ ವೈರಿನ ರಬ್ಬರು ಪುಡಿಪುಡಿಯಾಗಿರುತ್ತದೆ, ಆಚೆ ಇರುವುದು 230 ವೋಲ್ಟ್.

ಅಡಾಪ್ಟರಿನ ಒಂದು ತಂತಿಯ ನಡುವೆ ಸ್ಕೂಟರಿನ ಇಂಡಿಕೇಟರ್‌ಗೆ ಹಾಕುವ 12 ವೋಲ್ಟ್ 10 ವ್ಯಾಟಿನ ಬಲ್ಬನ್ನು ಸರಣಿಯಲ್ಲಿ ಸೇರಿಸಿ. ಈ ಬಲ್ಬು ನಿಮ್ಮ ಮೋಟಾರಿಗೂ ಅಡಾಪ್ಟರಿಗೂ ಕಾವಲುಗಾರ, ಏಕೆಂದರೆ ಮುಂದೆ ಏನೇ ಶಾರ್ಟ್ ಆದರೂ ಸುಮಾರು 0.8 ಆಂಪಿಯರಿಗಿಂತ ಹೆಚ್ಚು ಹರಿಯಲು ಅದು ಬಿಡುವುದಿಲ್ಲ. ಅದರ ಬೆಳಕೇ ರೋಗವನ್ನೂ ಹೇಳುತ್ತದೆ. ಬಲ್ಬು ಪೂರ್ತಿ ಉರಿದು ಮೋಟಾರು ತಿರುಗದಿದ್ದರೆ ಎಲ್ಲೋ ಶಾರ್ಟ್ ಆಗಿದೆ ಅಥವಾ ಮೋಟಾರು ಹಿಡಿದುಕೊಂಡಿದೆ. ಬಲ್ಬೂ ಉರಿಯದೆ ಮೋಟಾರೂ ತಿರುಗದಿದ್ದರೆ ಕರೆಂಟಿನ ದಾರಿ ಕಡಿದಿದೆ. ಬಲ್ಬು ಮಂದವಾಗಿ ಕೆಂಪಗಿದ್ದು ಮೋಟಾರು ತಿರುಗಿದರೆ ಎಲ್ಲವೂ ಸರಿಯಿದೆ.

ಕರೆಂಟು ಕೊಡುವ ಮೊದಲು

ನಮ್ಮ ಕಟ್ಟಡದಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರಿದ್ದಾರೆ, ಮಾಟುಂಗಾದ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ನಾನು ಬಜಾರಿನಿಂದ ತಂದ ದಿನವೇ ಎಂಜಿನಿಗೆ ತಂತಿ ಮುಟ್ಟಿಸಲು ಹೊರಟಾಗ ಅವರು ತಡೆದರು. "ತಮ್ಮಾ, ಕರೆಂಟ್ ಕಡೀಗೆ ಕೊಡು. ಮೊದಲ ಕೈಲೆ ತಿರುಗಿಸಿ ನೋಡು. ಗಾಲಿ ಅಲ್ಲ, ಮೋಟಾರ." ಆ ಮಾತಿನ ಕೊನೆಯ ಮೂರು ಪದಗಳು ಬಹಳ ಮುಖ್ಯ. ಇಂಥ ಎಂಜಿನ್‌ಗಳಲ್ಲಿ ಮೋಟಾರಿನ ಶಾಫ್ಟಿನ ಮೇಲೆ ತಿರುಪಿನಾಕಾರದ ವರ್ಮ್ ಗೇರ್ ಇರುತ್ತದೆ. ವರ್ಮ್ ಗಾಲಿಯನ್ನು ತಿರುಗಿಸಬಲ್ಲದು, ಗಾಲಿಯಿಂದ ವರ್ಮನ್ನು ತಿರುಗಿಸಲಾಗದು. ಗಾಲಿಯನ್ನು ಬಲವಂತವಾಗಿ ತಿರುವಿದರೆ ಗೇರಿನ ಹಲ್ಲು ಮುರಿಯುತ್ತದೆ ಅಥವಾ ಗಾಲಿ ಆಕ್ಸಲಿನ ಮೇಲೆ ಜಾರುತ್ತದೆ.

ಮೊದಲ ಹಂತವಾಗಿ ಹೊದಿಕೆಯನ್ನು ತೆಗೆಯಬೇಕು. ತಿರುಪುಗಳು ತಳದಲ್ಲಿರಬಹುದು, ಚಿಮಣಿಯ ಕೆಳಗೆ ಅಡಗಿರಬಹುದು. ಕೆಲವಲ್ಲಿ ತಿರುಪೇ ಇಲ್ಲದೆ ಬದಿಯ ಕೊಕ್ಕೆಗಳಿಂದ ಕೂಡಿಸಿರುತ್ತಾರೆ. ಬಲ ಹಾಕಬೇಕಾಗಿ ಬಂದರೆ ಯಾವುದೋ ತಿರುಪು ನಿಮ್ಮ ಕಣ್ಣಿಗೆ ಬಿದ್ದಿಲ್ಲ ಎಂದು ತಿಳಿಯಿರಿ. ಹೊದಿಕೆ ಬಂದ ಮೇಲೆ ಮೋಟಾರಿನ ಆರ್ಮೇಚರನ್ನು, ಅಂದರೆ ತಂತಿ ಸುತ್ತಿದ ತಿರುಗುವ ಭಾಗವನ್ನು, ಬೆರಳ ತುದಿಯಿಂದ ಮೆಲ್ಲಗೆ ತಿರುಗಿಸಿ. ಸಲೀಸಾಗಿ ತಿರುಗಿದರೆ ಬಲದ ದಾರಿ ತೆರೆದಿದೆ. ಅಲುಗದಿದ್ದರೆ ಗ್ರೀಸು ಹಿಡಿದುಕೊಂಡಿದೆ, ಅದನ್ನು ಬಿಡಿಸುವ ತನಕ ಕರೆಂಟು ಬೇಡ.

ಎರಡನೆಯ ಹಂತ ಮಲ್ಟಿಮೀಟರಿನದು. ಎಡ ಗಾಲಿಗೂ ಬಲ ಗಾಲಿಗೂ ನಡುವೆ ಓಮ್ ಅಳೆಯಿರಿ. ಕೆಲವು ಓಮ್‌ಗಳಿಂದ ಕೆಲವು ಹತ್ತು ಓಮ್‌ಗಳವರೆಗೆ ತೋರಿಸಿದರೆ ದಾರಿ ಸರಿಯಿದೆ. ಏನೂ ತೋರದಿದ್ದರೆ ಕಡಿದಿದೆ. ಸೊನ್ನೆಯ ಹತ್ತಿರವಿದ್ದರೆ ಶಾರ್ಟ್. ಟ್ರೈ-ಆಂಗ್ ಬಗೆಯ ಎಂಜಿನ್‌ಗಳಲ್ಲಿ ಒಂದು ಬದಿಯ ಗಾಲಿಗಳು ನೇರವಾಗಿ ಚಾಸಿಗೆ ಕರೆಂಟು ಕೊಡುತ್ತವೆ, ಇನ್ನೊಂದು ಬದಿಯವು ಆಕ್ಸಲಿನಿಂದ ಬೇರ್ಪಟ್ಟಿದ್ದು ತೆಳುವಾದ ಕಂಚಿನ ಪಟ್ಟಿಗಳ ಮೂಲಕ ಕೊಡುತ್ತವೆ. ಹಿಂದೆ ಯಾರೋ ಬಿಚ್ಚಿ ಒಂದು ಜೋಡಿ ಗಾಲಿಯನ್ನು ತಿರುಗುಮುರುಗಾಗಿ ಕೂರಿಸಿದ್ದರೆ ಅಷ್ಟರಿಂದಲೇ ಶಾರ್ಟ್ ಆಗುತ್ತದೆ. ರೇಡಿಯೋ, ಟಿವಿಗೆ ಗೊರಗೊರ ಸದ್ದು ಬಾರದಿರಲೆಂದು ಮೋಟಾರಿಗೆ ಅಡ್ಡಲಾಗಿ ಹಾಕಿದ ಕೆಪಾಸಿಟರ್ ಕೆಟ್ಟಿದ್ದರೂ ಹೀಗೆಯೇ. ಅದರ ಒಂದು ಕಾಲನ್ನು ಬಿಡಿಸಿ ಮತ್ತೊಮ್ಮೆ ಅಳೆದರೆ ಗೊತ್ತಾಗುತ್ತದೆ.

ಮೋಟಾರು

ಎಲ್ಲಕ್ಕಿಂತ ನಿಧಾನ ಬೇಕಾದದ್ದು ಇಲ್ಲಿ. ನನ್ನ ಎಂಜಿನಿನಲ್ಲಿದ್ದದ್ದು ಎಕ್ಸ್-04 ಎಂಬ ತೆರೆದ ಚೌಕಟ್ಟಿನ ಮೋಟಾರು. ಹಿಂಬದಿಯಲ್ಲಿ ಆರ್ಮೇಚರಿನ ಸುರುಳಿಗಳಿಗೆ ಕರೆಂಟು ದಾಟಿಸುವ, ತಾಮ್ರದ ಮೂರು ತುಂಡುಗಳ ಕಮ್ಯುಟೇಟರ್, ಅದನ್ನು ಎರಡೂ ಕಡೆಯಿಂದ ಒತ್ತುವ ಎರಡು ಇಂಗಾಲದ ಬ್ರಶ್ಶುಗಳು, ಬ್ರಶ್ಶುಗಳನ್ನು ಒತ್ತಿ ಹಿಡಿಯುವ ಎರಡು ತೋಳಿನ ಒಂದು ಸ್ಪ್ರಿಂಗು. ಈ ಸ್ಪ್ರಿಂಗು ಹಾರಿದರೆ ಮತ್ತೆ ಸಿಗುವುದು ಕಷ್ಟ, ಆದ್ದರಿಂದ ಮೋಟಾರನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗಿಟ್ಟು, ಕೈಗಳನ್ನೂ ಒಳಗೆ ತೂರಿಸಿಯೇ ಅದನ್ನು ಬಿಡಿಸಬೇಕು. ಸ್ಪ್ರಿಂಗಿನ ಒಂದು ತೋಳಿಗೆ ಸಣ್ಣ ನಿರೋಧಕ ಕೊಳವೆ ತೊಡಿಸಿರುತ್ತದೆ. ಅದು ಒಡೆದಿದ್ದರೆ ಅಥವಾ ಕಳೆದಿದ್ದರೆ ಮೋಟಾರು ಪೂರ್ತಿ ಶಾರ್ಟ್. ವೈರಿನಿಂದ ಸುಲಿದ ತೆಳು ಪ್ಲಾಸ್ಟಿಕ್ ಕೊಳವೆಯನ್ನು ಅದೇ ತೋಳಿಗೆ ತೊಡಿಸಬಹುದು.

ಬ್ರಶ್ಶುಗಳು ಇನ್ನೂ ಸಾಕಷ್ಟು ಉದ್ದವಿದ್ದು ಸ್ಪ್ರಿಂಗಿನ ಒತ್ತಡ ತಲಪುತ್ತಿದ್ದರೆ ಅವನ್ನೇ ಉಳಿಸಿಕೊಳ್ಳಿ, ಎಡದ್ದು ಎಡಕ್ಕೇ ಬಲದ್ದು ಬಲಕ್ಕೇ ಹೋಗಲಿ. ಕಮ್ಯುಟೇಟರನ್ನು ಐಪಿಎಯಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ತಾಮ್ರದ ಬಣ್ಣ ಕಾಣುವವರೆಗೆ ಒರೆಸಿ. ಬಳಿಕ ಮೂರು ತುಂಡುಗಳ ನಡುವಿನ ಸಂದಿಗಳನ್ನು ಹಲ್ಲುಕಡ್ಡಿಯ ತುದಿಯಿಂದ ಕೆರೆಯಿರಿ. ಬ್ರಶ್ಶಿನ ಪುಡಿ ಮತ್ತು ಎಣ್ಣೆ ಸೇರಿ ಈ ಸಂದಿಗಳಲ್ಲಿ ಕರಿ ಮಸಿಯಾಗಿ ಕೂತಿರುತ್ತದೆ. ಅದು ಕರೆಂಟನ್ನು ಒಂದು ತುಂಡಿನಿಂದ ಇನ್ನೊಂದಕ್ಕೆ ಹಾಯಿಸಿ ಮೋಟಾರನ್ನು ದುರ್ಬಲಗೊಳಿಸುತ್ತದೆ. ಮರಳು ಕಾಗದ ಬಳಸಬೇಡಿ.

ಈಗ ಮೂರು ತುಂಡುಗಳ ನಡುವೆ ಜೋಡಿಜೋಡಿಯಾಗಿ ಓಮ್ ಅಳೆಯಿರಿ. ಮೂರು ಅಳತೆಗಳೂ ಹೆಚ್ಚುಕಡಿಮೆ ಒಂದೇ ಇದ್ದರೆ ಸುರುಳಿಗಳು ಕ್ಷೇಮ. ಅಳತೆ ಒಂದು ಕಡೆ ತೀರ ಬೇರೆಯಾದರೆ ಸುರುಳಿ ಸುಟ್ಟಿದೆ ಅಥವಾ ತಂತಿ ಕಡಿದಿದೆ. ಕಡಿಯುವುದು ಹೆಚ್ಚಾಗಿ ಕಮ್ಯುಟೇಟರಿನ ಬುಡದ ಬೆಸುಗೆಯಲ್ಲಿ, ಅದನ್ನು ಕ್ಷಣಮಾತ್ರ ಐರನ್ ಮುಟ್ಟಿಸಿ ಮತ್ತೆ ಬೆಸೆಯಬಹುದು. ಪ್ರತಿ ತುಂಡಿಗೂ ಶಾಫ್ಟಿಗೂ ನಡುವೆ ಯಾವ ಸಂಪರ್ಕವೂ ತೋರಬಾರದು. ತೋರಿದರೆ ಬದಲಿ ಆರ್ಮೇಚರ್ ಹುಡುಕಬೇಕು.

ಒಂದು ಕೆಲಸವನ್ನು ಮಾತ್ರ ಕುತೂಹಲಕ್ಕೂ ಮಾಡಬಾರದು. ಈ ಕಾಲದ ಮೋಟಾರುಗಳ ಅಯಸ್ಕಾಂತ ಆಲ್ನಿಕೋ ಎಂಬ ಮಿಶ್ರಲೋಹದ್ದು. ಅದನ್ನು ಚೌಕಟ್ಟಿನಿಂದ ಬರಿದೆ ಹೊರಗೆಳೆದರೆ ಬಲ ಕಳೆದುಕೊಳ್ಳುತ್ತದೆ. ತೆಗೆಯಲೇಬೇಕಾದರೆ ಎರಡು ತುದಿಗಳನ್ನೂ ಕಬ್ಬಿಣದ ತುಂಡಿನಿಂದ ಸೇರಿಸುತ್ತಲೇ ತೆಗೆಯಬೇಕು. ಬಲಗುಂದಿದ ಅಯಸ್ಕಾಂತದ ಲಕ್ಷಣ ಹೊಸಬರನ್ನು ದಾರಿ ತಪ್ಪಿಸುತ್ತದೆ: ಬರಿ ಮೋಟಾರು ಮೊದಲಿಗಿಂತ ವೇಗವಾಗಿಯೇ ತಿರುಗುತ್ತದೆ, ಆದರೆ ಹೆಚ್ಚು ಕರೆಂಟು ಎಳೆದು, ಬಿಸಿಯಾಗಿ, ಎರಡು ಬೋಗಿಗಳನ್ನೂ ಎಳೆಯಲಾರದೆ ನಿಲ್ಲುತ್ತದೆ.

ಗೇರು, ಗಾಲಿ, ಎಣ್ಣೆ

ಗಟ್ಟಿಯಾದ ಗ್ರೀಸನ್ನು ಹಲ್ಲುಕಡ್ಡಿಯಿಂದ ಕೆರೆದು, ಉಳಿದದ್ದನ್ನು ಐಪಿಎ ಹಾಕಿದ ಟೂತ್‌ಬ್ರಶ್ಶಿನಿಂದ ಉಜ್ಜಿ. ಗೇರಿನ ಪ್ರತಿ ಹಲ್ಲಿನ ಬುಡವೂ ಕಾಣಬೇಕು. ಎಂಜಿನ್ ಓಡುವಾಗ ಗಾಲಿ ಸುತ್ತಿದಂತೆಲ್ಲ ಒಂದೇ ಜಾಗದಲ್ಲಿ ಟಕ್ ಎಂದು ಕುಪ್ಪಳಿಸಿದರೆ ಆಕ್ಸಲಿನ ಪ್ಲಾಸ್ಟಿಕ್ ಗೇರು ಸೀಳಿದೆ ಎಂದರ್ಥ. ಈ ಗೇರುಗಳ ನೈಲಾನ್, ಅಸಿಟಾಲ್‌ಗಳಿಗೆ ಅಂಟು ಹಿಡಿಯುವುದಿಲ್ಲವಾದ್ದರಿಂದ ಹೊಸ ಗೇರೇ ಬೇಕು.

ಉಗಿ ಎಂಜಿನ್ ಮಾದರಿಗಳಲ್ಲಿ ಗಾಲಿಗಳನ್ನು ಆಕ್ಸಲಿನಿಂದ ಕಳಚಬೇಡಿ. ಒಂದೇ ಬದಿಯ ಗಾಲಿಗಳನ್ನು ಜೋಡಿಸುವ ಸಲಾಕೆಗಳಿಗೆ ಎಡ ಮತ್ತು ಬಲ ಗಾಲಿಗಳ ಮೇಲಿರುವ ಗೂಟಗಳು ಒಂದಕ್ಕೊಂದು 90 ಡಿಗ್ರಿ ಕೋನದಲ್ಲಿರುತ್ತವೆ. ಕಳಚಿ ಅಂದಾಜಿನಲ್ಲಿ ಕೂರಿಸಿದರೆ ಪ್ರತಿ ಸುತ್ತಿಗೂ ಸಲಾಕೆ ಕಚ್ಚಿಕೊಳ್ಳುತ್ತದೆ. ಸಲಾಕೆಗಳು ಬಾಗಿವೆಯೇ ಎಂದು ನೋಡಲು ಮೋಟಾರನ್ನು ತೆಗೆದಿಟ್ಟು ಚಾಸಿಯನ್ನು ಓರೆಯಾಗಿಟ್ಟ ಗಾಜಿನ ಮೇಲೆ ಬಿಡಿ, ಅದು ತಾನೇ ಉರುಳಿಕೊಂಡು ಇಳಿಯಬೇಕು. ಎದುರುಬದುರು ಗಾಲಿಗಳ ಒಳಮೈಗಳ ನಡುವಿನ ಅಂತರ 14.4ರಿಂದ 14.5 ಮಿಲಿಮೀಟರ್ ಇದ್ದರೆ ಇಂದಿನ ಹಳಿಗೆ ಒಳ್ಳೆಯದು. ತೀರ ಹಳೆಯ ಎಂಜಿನ್‌ಗಳಲ್ಲಿ ಇದು ಕಡಿಮೆಯಿದ್ದು ಕವಲುಗಳಲ್ಲಿ ಎಡವುತ್ತವೆ.

ಎಣ್ಣೆಯ ವಿಷಯದಲ್ಲಿ ಕೈ ಬಿಗಿಯಾಗಿರಲಿ. ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ತುದಿಯಿಂದ ಮೋಟಾರಿನ ಎರಡು ಬೇರಿಂಗುಗಳಿಗೂ ಆಕ್ಸಲ್ ತೂರುವ ಜಾಗಗಳಿಗೂ ಒಂದೊಂದು ಹನಿಗಿಂತ ಕಡಿಮೆ ಮುಟ್ಟಿಸಿ. ಗೇರಿಗೆ ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಬಿಳಿ ಗ್ರೀಸು ಅಕ್ಕಿಕಾಳಿನಷ್ಟು ಸಾಕು. ಕಮ್ಯುಟೇಟರಿಗೂ, ಕೆಲವು ಎಂಜಿನ್‌ಗಳ ಗಾಲಿಗೆ ತೊಡಿಸಿರುವ ರಬ್ಬರ್ ಬಳೆಗೂ ಎಣ್ಣೆ ತಾಗಬಾರದು. ಆ ಬಳೆಗಳು ಗಟ್ಟಿಯಾಗಿ ಬಿರಿದಿದ್ದರೆ ಬದಲಾಯಿಸಿ.

ಕೊನೆಗೆ ಗಾಲಿಯ ಹಳಿ ಮುಟ್ಟುವ ಮೈಯನ್ನೂ, ಅದನ್ನು ಸವರುವ ಕಂಚಿನ ಪಟ್ಟಿಗಳನ್ನೂ ಐಪಿಎಯಿಂದ ಒರೆಸಿ. ಪಟ್ಟಿಗಳ ಮೇಲೆ ಹಸಿರು ಕಿಲುಬು ಇದ್ದರೆ ಗಟ್ಟಿ ಅಳಿಸುವ ರಬ್ಬರಿನಿಂದ ತಿಕ್ಕಿ, ಗಾಲಿಗೆ ಹಗುರಾಗಿ ತಾಗುವಂತೆ ಬಾಗಿಸಿ. ಬಿಗಿಯಾಗಿ ಒತ್ತಿದರೆ ಅವೇ ಬ್ರೇಕಿನಂತೆ ಹಿಡಿಯುತ್ತವೆ.

ಹಳಿಯ ಮೇಲೆ

ಹೊದಿಕೆ ಹಾಕದೆಯೇ, ಬಲ್ಬಿನ ಮೂಲಕ ಮೊದಲ ಕರೆಂಟು ಕೊಡಿ. ಮೋಟಾರು ತಿರುಗಿ ಬಲ್ಬು ಮಂದವಾಗಿದ್ದರೆ ಬಲ್ಬನ್ನು ತೆಗೆದು ಮಲ್ಟಿಮೀಟರಿನಲ್ಲಿ ಆಂಪಿಯರ್ ನೋಡಿ. ಹಳೆಯ ತೆರೆದ ಮೋಟಾರು ಹೊರೆಯಿಲ್ಲದೆ ಅರ್ಧ ಆಂಪಿಯರಿನೊಳಗೆ ಓಡಬೇಕು. ಐದು ನಿಮಿಷ ಓಡಿಸಿ ಬೆರಳಿಟ್ಟು ನೋಡಿ, ಬೆಚ್ಚಗಿರುವುದು ಸಹಜ, ಬೆರಳಿಡಲಾಗದಷ್ಟು ಬಿಸಿಯಾದರೆ ನಿಲ್ಲಿಸಿ ಮತ್ತೆ ಕಮ್ಯುಟೇಟರಿಗೆ ಮರಳಬೇಕು. ಸರಿಯಿದ್ದರೆ ಮುಂದಕ್ಕೆ ಅರ್ಧ ಗಂಟೆ, ಹಿಂದಕ್ಕೆ ಅರ್ಧ ಗಂಟೆ ಮಧ್ಯಮ ವೇಗದಲ್ಲಿ ಓಡಿಸಿದ ಮೇಲಷ್ಟೇ ಬೋಗಿ ಜೋಡಿಸಿ. ಎಂಜಿನ್ ಹಿಮ್ಮುಖವಾಗಿ ಹೊರಟರೆ ಗಾಬರಿ ಬೇಡ: ಬಲ ಹಳಿಗೆ ಧನ (ಪ್ಲಸ್) ತಂತಿ ಬಂದಾಗ ಮುಂದಕ್ಕೆ ಹೋಗಬೇಕೆಂಬುದು ರೂಢಿ, ಹಾಗಾಗದಿದ್ದರೆ ಅಯಸ್ಕಾಂತವೋ ತಂತಿಗಳೋ ಹಿಂದುಮುಂದಾಗಿವೆ.

ನಮ್ಮ ಊರಿಗೆ ನಿಕಲ್-ಸಿಲ್ವರ್ ಹಳಿಯೇ ತಕ್ಕದ್ದು. ಉಕ್ಕಿನ ಹಳಿ ಮುಂಬೈಯ ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಕರೆಂಟು ಬಿಡುವುದಿಲ್ಲ. ಆದರೆ ಹಿಡಿತ ಹೆಚ್ಚಿಸಲು ತಳದಲ್ಲಿ ಅಯಸ್ಕಾಂತ ಕೂರಿಸಿದ ಕೆಲವು ಟ್ರೈ-ಆಂಗ್ ಎಂಜಿನ್‌ಗಳಿಗೆ ಆ ಗುಣ ಉಕ್ಕಿನ ಹಳಿಯ ಮೇಲೆ ಮಾತ್ರ ದಕ್ಕುತ್ತದೆ ಎಂಬುದು ನೆನಪಿರಲಿ. ಚೆನ್ನಾಗಿ ನೋಡಿಕೊಂಡ ಸಣ್ಣ ಎಂಜಿನ್‌ಗಳು ಹೇಗೆ ಓಡುತ್ತವೆ ಎಂದು ಕಾಣಬೇಕಾದರೆ ಪುಣೆಯ ಕೋಥ್ರೂಡ್‌ನಲ್ಲಿರುವ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ನಿಧಾನವೇಗದ ಓಟವನ್ನು ಗಮನಿಸಿದ ಮೇಲೆ ನನ್ನ ಎಂಜಿನಿನ ಸಣ್ಣ ಕುಲುಕಾಟವೂ ಕಣ್ಣಿಗೆ ಬೀಳತೊಡಗಿತು.

ಜೂನ್‌ನಿಂದ ಸೆಪ್ಟೆಂಬರಿನವರೆಗೆ ಎಂಜಿನನ್ನು ಹೊರಗಿಡಬೇಡಿ. ಮೆತ್ತನೆಯ ಹತ್ತಿಬಟ್ಟೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ; ಸ್ಪಂಜಿನಲ್ಲಿ ಸುತ್ತಿಡಬಾರದು, ಅದು ಕಾಲಾಂತರದಲ್ಲಿ ಕೊಳೆತು ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ತಿಂಗಳಿಗೊಮ್ಮೆ, ಮಳೆ ಬಿಡುವು ಕೊಟ್ಟ ದಿನ ಹೊರತೆಗೆದು ಹತ್ತು ನಿಮಿಷ ಓಡಿಸಿ, ಗಾಲಿ ಒರೆಸಿ, ಮತ್ತೆ ಡಬ್ಬಕ್ಕೆ ಸೇರಿಸಿ.